ಕಾವಿಗೊಂದು ಲೆಕ್ಕ ಬೇಕು

ತುಂಗಭದ್ರಾ ಎಡದಂಡೆ ನಾಲೆಯ ನೀರುಂಡ ಸಿಂಧನೂರು ಸೀಮೆಯಲ್ಲಿ ಭತ್ತದ ನಾಟಿಯೆಂದರೆ ಕೆಸರಿನಲ್ಲಿ ದಿನವಿಡೀ ಬಗ್ಗಿ ನಿಲ್ಲುವ ಕೆಲಸ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಯಲ್ಲಿ ನೆಲದಾಳಕ್ಕೆ ಇಳಿದು ಬಂಡೆ ಕೊರೆಯುವ ಕೆಲಸ. ಮಸ್ಕಿಯ ಸುತ್ತ ಹತ್ತಿ ಬಿಡಿಸುವ, ತೊಗರಿ ಕೊಯ್ಯುವ, ಮೂಟೆ ಹೊರುವ ಕೆಲಸ. ಟೊಂಕ, ಮೊಳಕಾಲು, ಭುಜ, ಕುತ್ತಿಗೆ ಎಂದು ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳ ದುಡಿಮೆ ಮೈಯ ಯಾವ ಕೀಲನ್ನೂ ಬಿಟ್ಟಿಲ್ಲ. ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಹಳ್ಳಿಗಳಲ್ಲಿ ಕೀಲು ಬಿಗಿಯುವುದು, ಬೆನ್ನು ಸೆಟೆದುಕೊಳ್ಳುವುದು ಅದರ ಮೇಲಿನ ಹೊರೆ. ಬೈಕ್ ಅಪಘಾತದಲ್ಲಿ ಕಾಲು ಮುರಿದವರನ್ನೂ ಲಕ್ವಾ ಹೊಡೆದು ಒಂದು ಮಗ್ಗುಲು ಬಿದ್ದವರನ್ನೂ ಇವರ ಜತೆ ಸೇರಿಸಿದರೆ, ಫಿಸಿಯೋಥೆರಪಿ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತವರು ಯಾರು ಎಂಬುದು ತಿಳಿಯುತ್ತದೆ.

ನೋವಿಗೆ ಕಾವು ಕೊಡುವುದು ಇಲ್ಲಿ ಮನೆಮನೆಯ ಮದ್ದು. ಹಂಚಿನ ಮೇಲೆ ಹುರಿದ ಉಪ್ಪನ್ನೋ ಉಸುಕನ್ನೋ ಅರಿವೆಯಲ್ಲಿ ಗಂಟು ಕಟ್ಟಿ ಒತ್ತುತ್ತಾರೆ. ಎಕ್ಕದ ಎಲೆಗೆ ಎಣ್ಣೆ ಸವರಿ, ಬಿಸಿ ಮಾಡಿ ಮೊಳಕಾಲಿಗೆ ಕಟ್ಟುತ್ತಾರೆ. ಬಾಣಂತಿಗೆ ಕೆಂಡದ ಕಾವು ಹಿಡಿಯುತ್ತಾರೆ. ಕಾವು ಕೊಡುವ ಅಜ್ಜಿ ಉಪ್ಪಿನ ಗಂಟನ್ನು ಮೊದಲು ತನ್ನ ಮುಂಗೈಗೆ ಮುಟ್ಟಿಸಿ ನೋಡಿ, ಆಮೇಲೆಯೇ ಇನ್ನೊಬ್ಬರ ಮೈಗೆ ಇಡುತ್ತಾಳೆ. ಸಣ್ಣದಾದರೂ ಅದು ಪರೀಕ್ಷೆಯೇ. ಅದೇ ಕಾವು ಈಗ ಕ್ಲಿನಿಕ್ಕಿನಲ್ಲಿ ಟ್ಯಾಂಕು, ಮೇಣದ ತೊಟ್ಟಿ, ಕೆಂಪು ದೀಪ, ಡಯಾಥರ್ಮಿ ಯಂತ್ರಗಳ ರೂಪದಲ್ಲಿ ಬಂದಿದೆ. ಊರಿನವರು ಇವೆಲ್ಲವನ್ನೂ ಒಟ್ಟಾಗಿ 'ಕರೆಂಟ್ ಇಡಿಸಿಕೊಳ್ಳೋದು' ಎನ್ನುತ್ತಾರೆ. ಅಜ್ಜಿಯ ಮುಂಗೈ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಯಾರು ಮಾಡುತ್ತಾರೆ, ಯಾವುದರಿಂದ ಅಳೆಯುತ್ತಾರೆ, ಅಳೆದದ್ದನ್ನು ಎಲ್ಲಿ ಬರೆದಿಡುತ್ತಾರೆ? ರೋಗಿಯ ಸುರಕ್ಷತೆಯ ಮಾತು ನಡೆದಾಗ ಈ ಪ್ರಶ್ನೆಗಳಿಗೆ ಸಿಗಬೇಕಾದ ಗಮನ ಸಿಕ್ಕಿಲ್ಲ.

ಸ್ಟೀಲಿನ ಟ್ಯಾಂಕಿನಿಂದಲೇ ಶುರು ಮಾಡೋಣ. ಹೈಡ್ರೊಕೊಲೇಟರ್ ಎಂದು ಕರೆಯುವ ಈ ಟ್ಯಾಂಕ್ 1940ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದು ಜಗತ್ತಿಗೆಲ್ಲ ಹಬ್ಬಿದ್ದು. ದಪ್ಪ ಕ್ಯಾನ್ವಾಸ್ ಚೀಲದ ಖಾನೆಗಳಲ್ಲಿ, ನೀರು ಹೀರಿ ಉಬ್ಬುವ ಜೇಡಿಯಂಥ ಪದಾರ್ಥ ತುಂಬಿರುತ್ತದೆ. ಅದನ್ನು ಬಿಸಿನೀರಿನಲ್ಲಿ ಮುಳುಗಿಸಿಟ್ಟು, ಬೇಕಾದಾಗ ಇಕ್ಕಳದಿಂದ ಎತ್ತಿ, ಟವೆಲ್ ಸುತ್ತಿ ನೋವಿನ ಜಾಗಕ್ಕೆ ಇಡುತ್ತಾರೆ. ಇದೇ ಹಾಟ್ ಪ್ಯಾಕ್. ಟ್ಯಾಂಕಿನ ನೀರು ಸುಮಾರು 71ರಿಂದ 74 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಪಠ್ಯಪುಸ್ತಕದ ಮಾತು. ಅಷ್ಟು ಬಿಸಿ ಯಾಕೆಂದರೆ, ಚೀಲದಲ್ಲಿ ಕೂಡಿಟ್ಟ ಶಾಖ ಟವೆಲ್ಲಿನ ಪದರಗಳ ಮೂಲಕ ಮೆಲ್ಲಗೆ ಸೋರಿ 15–20 ನಿಮಿಷ ಬಾಳಬೇಕು. ಒಳಗಿನ ಸ್ನಾಯು–ಕೀಲುಗಳಿಗೆ ಗುಣ ಕೊಡುವ ಬಿಸಿ 40ರಿಂದ 45 ಡಿಗ್ರಿಯ ಆಸುಪಾಸಿನದು ಮಾತ್ರ.

ಈ ಎರಡು ಅಂಕಿಗಳ ನಡುವಿನ ಅಂತರದಲ್ಲೇ ಅಪಾಯ ಇದೆ. 1947ರಲ್ಲಿ ಮೊರಿಟ್ಸ್ ಮತ್ತು ಹೆನ್ರಿಕ್ಸ್ ಎಂಬ ಅಮೆರಿಕದ ಸಂಶೋಧಕರು ಚರ್ಮ ಸುಡಲು ಎಷ್ಟು ಬಿಸಿ ಎಷ್ಟು ಹೊತ್ತು ಬೇಕೆಂದು ಅಳೆದು ಪ್ರಕಟಿಸಿದರು. ಇಂದಿಗೂ ಸುಟ್ಟಗಾಯದ ಶಾಸ್ತ್ರಕ್ಕೆ ಅದೇ ತಳಪಾಯ. 44 ಡಿಗ್ರಿಯಲ್ಲಿ ಚರ್ಮ ಕೆಡಲು ಸುಮಾರು 6 ಗಂಟೆ ಬೇಕು. ಅಲ್ಲಿಂದ 51 ಡಿಗ್ರಿಯವರೆಗೆ ಒಂದೊಂದು ಡಿಗ್ರಿ ಏರಿದಂತೆ ಆ ಅವಧಿ ಹೆಚ್ಚುಕಡಿಮೆ ಅರ್ಧರ್ಧ ಇಳಿಯುತ್ತದೆ. 60 ಡಿಗ್ರಿಗೆ ಬಂದರೆ ಐದು ಸೆಕೆಂಡಿನಷ್ಟು ಸಾಕು. 70 ಡಿಗ್ರಿಯಲ್ಲಿ ಸುಮಾರು ಒಂದು ಸೆಕೆಂಡು. ಟ್ಯಾಂಕಿನಿಂದ ಎತ್ತಿದ ಪ್ಯಾಕು ಬರಿಮೈಗೆ ತಗುಲಿದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ಗಮನಿಸಬೇಕಾದದ್ದು ನಡುವಿನ ಅಂಕಿಗಳನ್ನು. 45ಕ್ಕೂ 49ಕ್ಕೂ ಕೈಗೆ ಅಂಥ ವ್ಯತ್ಯಾಸ ತಿಳಿಯದೆ ಇರಬಹುದು. ಚರ್ಮಕ್ಕೆ ಅದು ಗಂಟೆಗಳಿಂದ ನಿಮಿಷಗಳಿಗೆ ಇಳಿದ ವ್ಯತ್ಯಾಸ. ಇಪ್ಪತ್ತು ನಿಮಿಷದ ಚಿಕಿತ್ಸೆಯಲ್ಲಿ ಆ ನಾಲ್ಕು ಡಿಗ್ರಿ ಗಾಯ ಮಾಡಬಲ್ಲದು.

ಆ ನಾಲ್ಕು ಡಿಗ್ರಿಯನ್ನು ಕಂಡುಹಿಡಿಯುವುದು ಯಾವುದು? ಹೆಚ್ಚಿನ ಕಡೆ ಉತ್ತರ ಒಂದೇ: ರೋಗಿಯ ಬಾಯಿ. 'ಬಿಸಿ ಹೆಚ್ಚಾದ್ರ ಹೇಳಮ್ಮಾ' ಎಂದು ಹೇಳಿ ಚಿಕಿತ್ಸಕರು ಪಕ್ಕದ ಹಾಸಿಗೆಗೆ ಹೋಗುತ್ತಾರೆ. ಈ ಏರ್ಪಾಟು ಎರಡು ನಂಬಿಕೆಗಳ ಮೇಲೆ ನಿಂತಿದೆ. ರೋಗಿಯ ಚರ್ಮಕ್ಕೆ ಬಿಸಿ ತಿಳಿಯುತ್ತದೆ, ತಿಳಿದರೆ ರೋಗಿ ಹೇಳುತ್ತಾರೆ ಎಂಬ ನಂಬಿಕೆಗಳು. ಈ ಸೀಮೆಯ ರೋಗಿಗಳನ್ನು ನೆನೆದರೆ ಎರಡೂ ಗಟ್ಟಿಯಲ್ಲ ಎಂದು ನನಗೆ ಖಾತ್ರಿಯಿದೆ.

ಮೊದಲನೆಯದು ಚರ್ಮದ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟವಾದಾಗ, ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿಯಿತು, ವಯಸ್ಕರಲ್ಲಿ ಶೇಕಡಾ 11.4. ವರ್ಷಗಟ್ಟಲೆ ಶುಗರ್ ಹಿಡಿತ ತಪ್ಪಿದ್ದರೆ ಮೊದಲು ಜೋಮು ಹಿಡಿಯುವುದು ಪಾದ, ಆಮೇಲೆ ಮೀನಖಂಡ, ಕೈ. ಮೊಳಕಾಲು ನೋವೆಂದು ಬರುವ ಅರವತ್ತು ದಾಟಿದವರಲ್ಲಿ ಎಷ್ಟೋ ಮಂದಿಗೆ ತಮಗೆ ಶುಗರ್ ಇರುವುದೇ ಗೊತ್ತಿರುವುದಿಲ್ಲ. ಕುಷ್ಠರೋಗವನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯ ಮಟ್ಟದಿಂದ ಇಳಿಸಿದ್ದೇವೆಂದು ದೇಶ 2005ರ ಕೊನೆಗೆ ಸಾರಿತು. ಆದರೆ ಔಷಧಿಯಿಂದ ಗುಣವಾದವರ ಕೈಕಾಲುಗಳಲ್ಲಿ ಹೋದ ಸ್ಪರ್ಶ ಹೋದಂತೆಯೇ ಉಳಿದಿದೆ, ಹೊಸ ರೋಗಿಗಳೂ ಪತ್ತೆಯಾಗುತ್ತಲೇ ಇದ್ದಾರೆ. ಲಕ್ವಾ ಹೊಡೆದವರ ಬಿದ್ದ ಮಗ್ಗುಲಿಗೆ ಬಿಸಿ–ತಂಪಿನ ಅರಿವು ಮಂಕಾಗಿರಬಹುದು. ಕೆಲವರಿಗೆ ಮಾತೇ ನಿಂತಿರುತ್ತದೆ. ಕಂಪಿಸುವ ಡ್ರಿಲ್ ಯಂತ್ರಗಳನ್ನು ವರ್ಷಗಟ್ಟಲೆ ಹಿಡಿದ ಗಣಿ ಕಾರ್ಮಿಕರ ಬೆರಳುಗಳು ಮರಗಟ್ಟುವುದು ಔದ್ಯೋಗಿಕ ವೈದ್ಯಶಾಸ್ತ್ರ ಚೆನ್ನಾಗಿ ಬಲ್ಲ ಸಂಗತಿ. ಮೇಣದ ತೊಟ್ಟಿಯಲ್ಲಿ ಅದ್ದಲು ಬರುವುದು ಇಂಥದೇ ಕೈಗಳು.

ಎರಡನೆಯದು ಹೇಳುವ ಮಾತು. ಇದು ಇನ್ನೂ ಕಷ್ಟದ್ದು. ಹೊಲದಲ್ಲಿ, ಒಲೆಯ ಮುಂದೆ ಬದುಕು ಕಳೆದವರಿಗೆ ಬಿಸಿ ತಡೆದುಕೊಳ್ಳುವುದು ಅಭ್ಯಾಸ. ಚುರುಚುರು ಅಂದರೇ ಗುಣ ಹತ್ತುತ್ತದೆ ಎಂಬ ನಂಬಿಕೆ ಬೇರೆ. ಕಾಮಾಲೆಗೂ ವಾಯುವಿಗೂ ಬರೆ ಹಾಕಿಸಿಕೊಂಡ ತಲೆಮಾರು ಇನ್ನೂ ನಮ್ಮ ನಡುವೆ ಇದೆ. 'ಬಿಸಿ ಹೆಚ್ಚಾತೇನ್ ಯಮ್ಮಾ?' ಎಂದು ಕೇಳಿದರೆ 'ಇಲ್ಲೋ ಯಪ್ಪಾ, ತಡಕೊಂತೀನಿ, ಇರ್ಲಿ ಬಿಡು' ಎಂಬುದೇ ಬಹಳ ಸಲ ಬರುವ ಉತ್ತರ. ಅದರಲ್ಲಿ ಡಾಕ್ಟರರಿಗೆ ತೊಂದರೆ ಕೊಡಬಾರದೆಂಬ ಮರ್ಯಾದೆಯಿದೆ, ಕೊಟ್ಟ ದುಡ್ಡಿಗೆ ಪೂರ್ತಿ ಕಾವು ಸಿಗಲೆಂಬ ಆಸೆಯೂ ಇದೆ. ಇಂಥವರ ಒಪ್ಪಿಗೆಯನ್ನು ಥರ್ಮಾಮೀಟರಿನ ಜಾಗದಲ್ಲಿ ಇಡುವುದು ಅನ್ಯಾಯ.

ಅದಕ್ಕೇ ಕಾವು ಕೊಡುವ ಮುನ್ನ ಚರ್ಮದ ಅರಿವನ್ನು ಪರೀಕ್ಷಿಸಬೇಕೆಂದು ಫಿಸಿಯೋಥೆರಪಿ ಓದಿದ ಎಲ್ಲರಿಗೂ ಕಲಿಸಿರುತ್ತಾರೆ. ಎರಡು ಗಾಜಿನ ಕೊಳವೆ, ಒಂದರಲ್ಲಿ 40–45 ಡಿಗ್ರಿಯ ನೀರು, ಇನ್ನೊಂದರಲ್ಲಿ ತಣ್ಣೀರು. ರೋಗಿ ಕಣ್ಣು ಮುಚ್ಚಿ, ಮುಟ್ಟಿಸಿದ್ದು ಬಿಸಿಯೋ ತಂಪೋ ಹೇಳಬೇಕು. ಎರಡು ನಿಮಿಷದ ಕೆಲಸ. ನೋವಿರುವ ಜಾಗದಲ್ಲೇ ಮಾಡಬೇಕು, ಎರಡೂ ಮಗ್ಗುಲು ಹೋಲಿಸಬೇಕು. ಉತ್ತರ ತಪ್ಪಿದರೆ ಆ ಜಾಗಕ್ಕೆ ಕಾವು ಬೇಡ. ಇದರ ಜತೆಗೆ ಇಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ: ಮನೆಯಲ್ಲಿ ಏನು ಹಚ್ಚಿಕೊಂಡು ಬಂದಿದ್ದೀರಿ? ನೋವಿನ ಮುಲಾಮುಗಳಲ್ಲಿರುವ ಮೆಂಥಾಲ್, ಮೀಥೈಲ್ ಸ್ಯಾಲಿಸಿಲೇಟ್‌ಗಳ ಮೇಲೆ ಬಿಸಿ ಪ್ಯಾಕ್ ಇಟ್ಟರೆ ಚರ್ಮ ಸುಡುವ ಸಾಧ್ಯತೆ ಹೆಚ್ಚು. ಬೆಳಿಗ್ಗೆ ಮುಲಾಮು ತಿಕ್ಕಿ, ಉಪ್ಪಿನ ಗಂಟಿನಿಂದ ಕಾಸಿ, ಬಸ್ ಹಿಡಿದು ಕ್ಲಿನಿಕ್ಕಿಗೆ ಬಂದವರ ಚರ್ಮ ಆಗಲೇ ಅರ್ಧ ಕೆಂಪಾಗಿರುತ್ತದೆ.

ಚರ್ಮವನ್ನೂ ಮಾತನ್ನೂ ಪೂರ್ತಿ ನಂಬುವಂತಿಲ್ಲ ಎಂದಾದರೆ ಯಂತ್ರವನ್ನು ಅಳೆಯದೆ ಬೇರೆ ದಾರಿಯಿಲ್ಲ. ಟ್ಯಾಂಕಿನ ಥರ್ಮೋಸ್ಟಾಟ್ ಇದೆಯಲ್ಲ ಎನ್ನಬಹುದು. ಎಷ್ಟೋ ಮಾದರಿಗಳ ಗುಂಡಿಯ ಮೇಲೆ ಡಿಗ್ರಿಯ ಗುರುತೇ ಇರುವುದಿಲ್ಲ, ಬರೀ ಕಡಿಮೆ–ಹೆಚ್ಚು ಎಂದಿರುತ್ತದೆ. ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ನೀರು ಹಲವು ಡಿಗ್ರಿ ಏರಿಬಿಡಬಹುದು. ಮೇಲಾಗಿ ಈ ಸೀಮೆಯ ಬೋರಿನ ನೀರು ಗಡಸು. ಮನೆಯ ಕಾಯಿಲ್ ಹೀಟರಿನ ಮೇಲೆ ಕಟ್ಟುವ ಬಿಳಿ ಗಚ್ಚೇ ಟ್ಯಾಂಕಿನ ಕಾಯಿಲಿನ ಮೇಲೂ ಕಟ್ಟುತ್ತದೆ, ಬಿಸಿಯನ್ನು ಗ್ರಹಿಸುವ ಕಡ್ಡಿಯ ಮೇಲೂ ಕಟ್ಟುತ್ತದೆ. ಗಚ್ಚು ಹಿಡಿದ ಕಡ್ಡಿಗೆ ನೀರಿನ ನಿಜವಾದ ಬಿಸಿ ತಡವಾಗಿ ತಿಳಿಯುತ್ತದೆ. ಅದು ಕರೆಂಟ್ ಕಡಿಯುವ ಹೊತ್ತಿಗೆ ನೀರು ಗೆರೆ ದಾಟಿರುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಟ್ಯಾಂಕಿನ ನೀರು ಬೇಗ ಆವಿಯಾಗಿ ಮಟ್ಟ ಇಳಿಯುತ್ತದೆ. ಕಡಿಮೆ ನೀರು ಬೇಗ ಕಾಯುತ್ತದೆ, ಮೇಲೆ ಸುರಿದ ತಣ್ಣೀರು ಬಿಸಿಯನ್ನು ಪದರ ಪದರವಾಗಿ ಒಡೆಯುತ್ತದೆ. ಈ ಟ್ಯಾಂಕಿಗೆ ಶುದ್ಧೀಕರಿಸಿದ ನೀರು ಹಾಕುವುದು, ತಿಂಗಳಿಗೊಮ್ಮೆಯಾದರೂ ಖಾಲಿ ಮಾಡಿ ಗಚ್ಚು ತೆಗೆಯುವುದು ನಮ್ಮ ಕಡೆ ಅಂದಕ್ಕಾಗಿ ಮಾಡುವ ಕೆಲಸವಲ್ಲ, ರೋಗಿಯ ಮೈ ಕಾಯುವ ಕೆಲಸ.

ಕರೆಂಟಿನ ಕಥೆಯನ್ನು ಬೇರೆ ಹೇಳಬೇಕು. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬರುವುದು, ವೋಲ್ಟೇಜ್ ಏರಿಳಿಯುವುದು ಇಲ್ಲಿ ಯಾರಿಗೂ ಹೊಸದಲ್ಲ. ಟ್ಯಾಂಕಿಗೆ ಮೊದಲ ಸಲ ಹಾಕಿದ ಪ್ಯಾಕು ಪೂರ್ತಿ ಕಾಯಲು ಎರಡು ಗಂಟೆ ಬೇಕು. ಒಬ್ಬರಿಗೆ ಬಳಸಿ ಮತ್ತೆ ಮುಳುಗಿಸಿದ್ದಕ್ಕೆ ಅರ್ಧ ಗಂಟೆ. ಮಧ್ಯೆ ಕರೆಂಟ್ ಹೋದರೆ ಯಾವ ಪ್ಯಾಕು ಎಷ್ಟು ಬಿಸಿ ಎಂಬ ಲೆಕ್ಕವೇ ತಪ್ಪುತ್ತದೆ. ನಿನ್ನೆ 'ಬಿಸಿನೇ ಹತ್ಲಿಲ್ರಿ' ಎಂದ ರೋಗಿಗೆ ಇವತ್ತು ಒಂದು ಟವೆಲ್ ತೆಗೆದು ಕೊಡುತ್ತಾರೆ. ಇವತ್ತಿನ ಪ್ಯಾಕು ಪೂರ್ತಿ ಕಾದಿರುತ್ತದೆ. ಗಾಯ ಆಗುವುದು ಹೀಗೆ. ಯಾರದೂ ಕೆಟ್ಟ ಉದ್ದೇಶವಿಲ್ಲ, ಯಾರ ಕೈಯಲ್ಲೂ ಅಂಕಿಯಿಲ್ಲ ಅಷ್ಟೇ.

ಟವೆಲ್ಲಿನ ಮಾತು ಬಂತು, ಅದನ್ನು ಮುಗಿಸಿಯೇ ಮುಂದೆ ಹೋಗಬೇಕು. ಪ್ಯಾಕಿಗೂ ಮೈಗೂ ನಡುವೆ ಒಣಗಿದ ಟವೆಲ್ಲಿನ ಆರರಿಂದ ಎಂಟು ಪದರ ಇರಬೇಕು. ನಿಜವಾಗಿ ಶಾಖವನ್ನು ತಡೆಯುವುದು ನೂಲಿನ ನಡುವೆ ಸಿಕ್ಕಿಕೊಂಡ ಗಾಳಿ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚುರುಕಾಗಿ ಶಾಖ ಸಾಗಿಸುತ್ತದೆ. ಒಬ್ಬರ ಬೆವರು, ಪ್ಯಾಕಿನ ತೇವ ಕುಡಿದ ಟವೆಲನ್ನೇ ಇನ್ನೊಬ್ಬರಿಗೆ ಸುತ್ತಿದರೆ ಪದರದ ಎಣಿಕೆ ಎಂಟೇ ಇರಬಹುದು, ರಕ್ಷಣೆ ಎಂಟರದಲ್ಲ. ಟೊಂಕ ನೋವಿನವರನ್ನು ಪ್ಯಾಕಿನ ಮೇಲೆಯೇ ಮಲಗಿಸುವ ರೂಢಿಯೂ ಇದೆ. ಮೈಭಾರಕ್ಕೆ ಟವೆಲ್ ಅಪ್ಪಚ್ಚಿಯಾಗಿ ಗಾಳಿ ಹೊರಟುಹೋಗುತ್ತದೆ, ಪ್ಯಾಕಿನ ನೀರು ಹಿಂಡಿ ಟವೆಲಿಗೆ ಇಳಿಯುತ್ತದೆ, ಒತ್ತಿದ ಜಾಗದಲ್ಲಿ ರಕ್ತದ ಓಡಾಟ ಕಡಿಮೆಯಾಗಿ ಶಾಖವನ್ನು ಒಯ್ಯುವವರಿಲ್ಲದಂತಾಗುತ್ತದೆ. ಮೂರೂ ಒಟ್ಟಿಗೆ ಸೇರಿ ಬೆನ್ನ ಮೇಲೆ ಗುಳ್ಳೆ ಏಳುತ್ತದೆ, ಅದೂ ಯಾರಿಗೂ ಕಾಣದ ಜಾಗದಲ್ಲಿ. ಬೋರಲು ಮಲಗಿಸಿ ಮೇಲಿಂದ ಇಡುವುದು, ಐದನೇ ನಿಮಿಷಕ್ಕೆ ಟವೆಲ್ ಎತ್ತಿ ಚರ್ಮ ನೋಡುವುದು, ರೋಗಿಯ ಕೈಗೆ ಒಂದು ಕರೆಗಂಟೆ ಕೊಡುವುದು, ಇಷ್ಟಕ್ಕೆ ಖರ್ಚೇನೂ ಇಲ್ಲ.

ಇನ್ನು ಅಳೆಯುವ ಸಾಧನ. ಕೊರೊನಾ ಕಾಲದಲ್ಲಿ ಅಂಗಡಿ–ಕಚೇರಿಗಳೆಲ್ಲ ಕೊಂಡ, ಹಣೆಗೆ ಹಿಡಿಯುವ ಇನ್ಫ್ರಾರೆಡ್ ಥರ್ಮಾಮೀಟರ್ ಈ ಕೆಲಸಕ್ಕೆ ಬರುವುದಿಲ್ಲ. ಅದು ಮನುಷ್ಯನ ಜ್ವರದ ಮಿತಿಗೆಂದೇ ಮಾಡಿದ್ದು. ಕಾರ್ಖಾನೆಯ ಇನ್ಫ್ರಾರೆಡ್ ಗನ್ ತಂದರೂ ಅದು ಮೇಲ್ಮೈಯನ್ನು ಮಾತ್ರ ಓದುತ್ತದೆ. ಹಬೆ ಅದನ್ನು ದಾರಿ ತಪ್ಪಿಸುತ್ತದೆ, ಹೊಳೆಯುವ ಸ್ಟೀಲ್ ಇನ್ನೂ ಹೆಚ್ಚು ತಪ್ಪಿಸುತ್ತದೆ. ನೀರೊಳಗೆ ಅದ್ದುವ ಸ್ಟೀಲ್ ಕಡ್ಡಿಯ ಡಿಜಿಟಲ್ ಥರ್ಮಾಮೀಟರ್ ಬೇಕು. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದು ಸರಿಯಾಗಿ ತೋರಿಸುತ್ತಿದೆಯೇ ಎಂದು ನೋಡಲು ದೂರದ ನಗರದ ಎಂಜಿನಿಯರ್ ಬರುವವರೆಗೆ ಕಾಯಬೇಕಾಗಿಲ್ಲ. ಪುಡಿ ಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಸೇರಿಸಿ, ಕದಡಿ, ಕಡ್ಡಿ ಅದ್ದಿದರೆ ಸೊನ್ನೆ ತೋರಿಸಬೇಕು. ಕುದಿಯುವ ನೀರಿನಲ್ಲಿಯೂ ನೋಡಬಹುದು. ಸಮುದ್ರಮಟ್ಟದಿಂದ ನಾಲ್ಕುನೂರು ಮೀಟರಿನ ಆಸುಪಾಸಿನಲ್ಲಿರುವ ಈ ಊರುಗಳಲ್ಲಿ ನೀರು ನೂರಕ್ಕಿಂತ ಒಂದು–ಒಂದೂವರೆ ಡಿಗ್ರಿ ಮೊದಲೇ ಕುದಿಯುತ್ತದೆ ಎಂಬುದು ನೆನಪಿರಲಿ. ಕಡ್ಡಿಯನ್ನು ಟ್ಯಾಂಕಿನ ನಡುವೆ, ನೀರನ್ನು ಕದಡಿದ ಮೇಲೆ ಅದ್ದಬೇಕು. ಬೆಳಿಗ್ಗೆ ಮೊದಲ ರೋಗಿಗೆ ಮುನ್ನ ಒಮ್ಮೆ, ಕರೆಂಟ್ ಹೋಗಿ ಬಂದಾಗಲೆಲ್ಲ ಮತ್ತೊಮ್ಮೆ, ಗುಂಡಿ ಮುಟ್ಟಿದಾಗಲೆಲ್ಲ ಇನ್ನೊಮ್ಮೆ.

ಓದಿದ ಅಂಕಿಯನ್ನು ಬರೆಯಬೇಕು. ಅಮೆರಿಕದ ಆಸ್ಪತ್ರೆಗಳ ಫಿಸಿಯೋಥೆರಪಿ ವಿಭಾಗಗಳಲ್ಲಿ ಟ್ಯಾಂಕಿನ ಪಕ್ಕದಲ್ಲೇ ಉಷ್ಣತೆಯ ಪಟ್ಟಿ ನೇತುಹಾಕುವುದು ಹಳೆಯ ರೂಢಿ. ತಪಾಸಣೆಗೆ ಬಂದವರು ಅದನ್ನು ಕೇಳುತ್ತಾರೆ. ತಾರೀಖು, ಹೊತ್ತು, ಡಿಗ್ರಿ, ನೋಡಿದವರ ಸಹಿ, ಹೆಚ್ಚು–ಕಡಿಮೆ ಇದ್ದರೆ ಏನು ಮಾಡಿದರು ಎಂಬ ಒಂದು ಸಾಲು, ಇಷ್ಟೇ ಅದರಲ್ಲಿ ಇರುವುದು. ಈ ಕೊನೆಯ ಸಾಲಿಗೇ ಬೆಲೆ ಹೆಚ್ಚು. ತಿಂಗಳ ಮೂವತ್ತೂ ದಿನ 72, 72, 72 ಎಂದು ಒಂದೇ ಪೆನ್ನಿನಲ್ಲಿ ಬರೆದ ಪಟ್ಟಿ ಕಂಡರೆ ಅದು ಅಳೆದು ಬರೆದದ್ದಲ್ಲ. ನಿಜವಾದ ಟ್ಯಾಂಕು ಒಂದು ದಿನ 70 ಇರುತ್ತದೆ, ಇನ್ನೊಂದು ದಿನ 74, ಥರ್ಮೋಸ್ಟಾಟ್ ಕೆಡುವ ಮುನ್ನದ ವಾರದಲ್ಲಿ 75, 77 ಎಂದು ಮೆಲ್ಲಗೆ ಹತ್ತುತ್ತದೆ. ಆ ಏರಿಕೆ ಕಾಣಿಸುವುದು ಬರೆದಿಟ್ಟ ಪಟ್ಟಿಯಲ್ಲಿ ಮಾತ್ರ. ಬೆಳಗಿನ ಒಂದು ಅಂಕಿ ಆ ದಿನದ ರೋಗಿಗಳನ್ನು ಕಾಯುತ್ತದೆ, ತಿಂಗಳ ಪಟ್ಟಿ ಮುಂದಿನ ತಿಂಗಳಿನವರನ್ನು ಕಾಯುತ್ತದೆ.

ಮೇಣದ ತೊಟ್ಟಿಗೆ ಬೇರೆಯೇ ಅಂಕಿ. ಆರು–ಏಳು ಪಾಲು ಪ್ಯಾರಾಫಿನ್ ಮೇಣಕ್ಕೆ ಒಂದು ಪಾಲು ಖನಿಜ ತೈಲ ಬೆರೆಸಿ ಕರಗುವ ಬಿಂದುವನ್ನು ಇಳಿಸಿರುತ್ತಾರೆ. ಕೈ ಅದ್ದಲು 52–54 ಡಿಗ್ರಿ. ಅಷ್ಟು ಬಿಸಿಯ ನೀರಿನಲ್ಲಿ ಯಾರೂ ಕೈ ಇಡಲಾರರು. ಮೇಣ ಶಾಖವನ್ನು ನಿಧಾನವಾಗಿ ಬಿಟ್ಟುಕೊಡುವುದರಿಂದ, ಮೊದಲ ಪದರ ಕೂಡಲೇ ಗಟ್ಟಿಯಾಗಿ ಚರ್ಮಕ್ಕೆ ಗವಸಿನಂತೆ ಆಗುವುದರಿಂದ ಕೈ ತಡೆಯುತ್ತದೆ. ಹಾಗಾಗಿಯೇ ಒದ್ದೆ ಕೈ ಅಪಾಯ: ಚರ್ಮದ ಮೇಲಿನ ನೀರಹನಿ ಅದೇ ಬಿಸಿಗೆ ಬಂದು ಸುಡುತ್ತದೆ. ಮಿಶ್ರಣದಲ್ಲಿ ಎಣ್ಣೆ ಕಡಿಮೆಯಾಗಿ ಮೇಣ ಕರಗದಾದಾಗ ಬಿಸಿ ಏರಿಸುವುದು, ಯಂತ್ರ ಕೆಟ್ಟಾಗ ಒಲೆಯ ಮೇಲೆ ಕರಗಿಸಿ ಸುರಿಯುವುದು, ಎರಡೂ ಕೂಡದು. ಮೇಣ ಬೆಂಕಿ ಹಿಡಿಯುವ ವಸ್ತು ಎಂಬುದನ್ನೂ ಮರೆಯಬಾರದು.

ಕೆಂಪು ದೀಪ, ಡಯಾಥರ್ಮಿ, ಅಲ್ಟ್ರಾಸೌಂಡ್‌ಗಳಿಗೆ ಥರ್ಮಾಮೀಟರ್ ಅದ್ದುವ ತೊಟ್ಟಿಯಿಲ್ಲ. ದೀಪಕ್ಕೆ ಅಳತೆಪಟ್ಟಿಯೇ ಥರ್ಮಾಮೀಟರ್. 50ರಿಂದ 75 ಸೆಂಟಿಮೀಟರ್ ದೂರ ಎಂದು ಹೇಳುವುದಕ್ಕೆ ಕಾರಣವಿದೆ: ದೂರ ಅರ್ಧವಾದರೆ ಬಿಸಿ ಎರಡು ಪಟ್ಟಲ್ಲ, ನಾಲ್ಕು ಪಟ್ಟಿನತ್ತ ಹೋಗುತ್ತದೆ. ರೋಗಿ ಹಿತವೆನಿಸಿ ಒಂದಿಷ್ಟು ಮುಂದೆ ಸರಿದರೂ ಲೆಕ್ಕ ಬದಲಾಗುತ್ತದೆ. ಅಲ್ಟ್ರಾಸೌಂಡಿನ ತಲೆಯನ್ನು ಒಂದೇ ಕಡೆ ನಿಲ್ಲಿಸಿದರೆ ಎಲುಬಿನ ಹೊದಿಕೆಗೆ ಬಿಸಿ ತಾಗಿ ಒಳಗೆ ಚುಚ್ಚಿದಂತಾಗುತ್ತದೆ, ಆ ನೋವನ್ನು 'ಗುಣ ಹತ್ತುತ್ತಿದೆ' ಎಂದು ಬಿಡಬಾರದು.

ಡಯಾಥರ್ಮಿಗೆ ಹೆಚ್ಚು ಎಚ್ಚರ ಬೇಕು. 27.12 ಮೆಗಾಹರ್ಟ್ಸ್ ಅಲೆ ಒಳಗಿನ ಅಂಗಾಂಶವನ್ನೇ ಕಾಯಿಸುತ್ತದೆ, ಚರ್ಮದ ಮೇಲೆ ಗುರುತು ಕಾಣುವ ಮೊದಲೇ. ಬೆವರಿನ ಹನಿಯಲ್ಲಿ ಆ ಶಕ್ತಿ ಒಟ್ಟುಗೂಡುತ್ತದೆ. ಮೇ ತಿಂಗಳ ಮಧ್ಯಾಹ್ನ, ಫ್ಯಾನೂ ನಿಂತ ಕೋಣೆಯಲ್ಲಿ ಒಣ ಟವೆಲ್ ಇಡದೆ ಇದನ್ನು ಹಚ್ಚಬಾರದು. ಕಬ್ಬಿಣದ ಮಂಚ, ಕಾಲುಂಗುರ, ಕರಿಮಣಿ ಸರ, ತಾಯಿತದ ತಗಡು, ಉಡದಾರದ ಬೀಗದ ಕೈ, ಎಲ್ಲವೂ ಲೋಹವೇ, ಅಲ್ಲಿಯೂ ಆ ಶಕ್ತಿ ಒಟ್ಟುಗೂಡುತ್ತದೆ. ಮುರಿದ ಕಾಲಿಗೆ ರಾಡು–ಪ್ಲೇಟು ಹಾಕಿಸಿಕೊಂಡವರು ಈ ಊರುಗಳಲ್ಲಿ ಬೀದಿಗೊಬ್ಬರಿದ್ದಾರೆ, ವರ್ಷಗಳಾದ ಮೇಲೆ ಅವರೇ ಅದನ್ನು ಹೇಳಲು ಮರೆಯುತ್ತಾರೆ. ಪೇಸ್‌ಮೇಕರ್ ಇದ್ದವರಿಗೂ ಗರ್ಭಿಣಿಯರಿಗೂ ಇದು ಸಲ್ಲದು. ಮೆದುಳಿನಲ್ಲಿ ಎಲೆಕ್ಟ್ರೋಡ್ ಅಳವಡಿಸಿಕೊಂಡ ರೋಗಿಗಳಿಗೆ ಡಯಾಥರ್ಮಿ ಕೊಟ್ಟು ಜೀವಹಾನಿಯಾದ ಪ್ರಕರಣಗಳ ನಂತರ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2002ರಲ್ಲಿ ಎಚ್ಚರಿಕೆ ಹೊರಡಿಸಿತು.

ತಂಪಿನ ಚಿಕಿತ್ಸೆಗೂ ಇದೇ ಮಾತು ಸಲ್ಲುತ್ತದೆ. ಮನೆಯ ಫ್ರಿಜ್ಜಿನ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಗೆ ಇಳಿದ ಜೆಲ್ ಪ್ಯಾಕು ಕರಗುವ ಮಂಜುಗಡ್ಡೆಗಿಂತ ಬಹಳ ತಣ್ಣಗಿರುತ್ತದೆ. ಬಟ್ಟೆಯಿಲ್ಲದೆ ಇಟ್ಟರೆ ಚರ್ಮ ಹೆಪ್ಪುಗಟ್ಟಿ ಸುಟ್ಟಂತೆಯೇ ಗಾಯವಾಗುತ್ತದೆ.

ಇಷ್ಟೆಲ್ಲ ಎಚ್ಚರದಿಂದ ಕೊಡುವ ಕಾವಿನಿಂದ ಲಾಭವೆಷ್ಟು ಎಂದು ಕೇಳುವುದು ನ್ಯಾಯವೇ. ಸೊಂಟನೋವಿನ ಬಗ್ಗೆ ನಡೆದ ಪ್ರಯೋಗಗಳನ್ನು ಕ್ರೋಡೀಕರಿಸಿದ 2006ರ ಕೊಕ್ರೇನ್ ಸಮೀಕ್ಷೆ, ಹೊಸದಾಗಿ ಬಂದ ನೋವಿಗೆ ಹಿತವಾದ ಬಿಸಿಸುತ್ತು ಸ್ವಲ್ಪ ಕಾಲದ ಮಟ್ಟಿಗೆ ಸ್ವಲ್ಪ ಉಪಶಮನ ಕೊಡುತ್ತದೆ ಎಂದಿತು. ಬ್ರಿಟನ್ನಿನ ನೈಸ್ ಸಂಸ್ಥೆ ಕೀಲುಸವೆತದ ಬಗ್ಗೆ 2022ರಲ್ಲಿ ಕೊಟ್ಟ ಮಾರ್ಗಸೂಚಿ ವ್ಯಾಯಾಮವನ್ನೇ ಮುಖ್ಯ ಚಿಕಿತ್ಸೆಯಾಗಿ ನಿಲ್ಲಿಸಿತು. ಅಲ್ಟ್ರಾಸೌಂಡ್, ಇಂಟರ್‌ಫೆರೆನ್ಷಿಯಲ್ ಕರೆಂಟ್, ಬಿಟ್ಟುಬಿಟ್ಟು ಹಾಯಿಸುವ ಡಯಾಥರ್ಮಿಯಾದ ಪಲ್ಸ್ಡ್ ಶಾರ್ಟ್‌ವೇವ್‌ಗಳಿಗೆ ಸಾಕಷ್ಟು ಪುರಾವೆಯಿಲ್ಲವೆಂದು ಅವನ್ನು ಕೊಡಬೇಡಿ ಎಂದಿತು. ಕಾವು ನೋವನ್ನು ಸಡಿಲಿಸಿ ವ್ಯಾಯಾಮಕ್ಕೆ ಮೈಯನ್ನು ಸಿದ್ಧ ಮಾಡುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಬಯಸಲಾಗದು. ಕ್ಯಾನ್ಸರಿನ ಔಷಧಿಯಂಥ ದೊಡ್ಡ ಲಾಭವಿದ್ದರೆ ದೊಡ್ಡ ಅಡ್ಡಪರಿಣಾಮವನ್ನೂ ಒಪ್ಪಬಹುದು. ಅರ್ಧ ದಿನದ ಹಾಯಿಗಾಗಿ ಸಕ್ಕರೆ ಕಾಯಿಲೆಯವರ ಕಾಲಿಗೆ ವಾಸಿಯಾಗದ ಹುಣ್ಣು ಕೊಡುವುದನ್ನು ಯಾವ ಲೆಕ್ಕದಲ್ಲೂ ಒಪ್ಪಲಾಗದು. ಅಂಥ ಹುಣ್ಣು ಕೊಳೆತು ಬೆರಳು, ಪಾದ ಕತ್ತರಿಸುವವರೆಗೆ ಹೋಗುವುದುಂಟು. ಭತ್ತದ ಗದ್ದೆಯ ಕೆಸರಿಗೆ ಇಳಿಯಬೇಕಾದ ಕಾಲದು.

ಕಾನೂನು ಇಲ್ಲವೆಂದಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯ ವ್ಯಾಪ್ತಿಗೆ ಫಿಸಿಯೋಥೆರಪಿ ಕೇಂದ್ರಗಳೂ ಬರುತ್ತವೆ; ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರದಲ್ಲಿ ನೋಂದಣಿ ಕಡ್ಡಾಯ. ಫಿಸಿಯೋಥೆರಪಿಯೂ ಸೇರಿದ ಆರೋಗ್ಯ ವೃತ್ತಿಗಳಿಗೆ 2021ರಲ್ಲಿ ಸಂಸತ್ತು ರಾಷ್ಟ್ರೀಯ ಆಯೋಗದ ಕಾಯ್ದೆ ತಂದಿತು. ವೈದ್ಯಕೀಯ ಉಪಕರಣಗಳ ನಿಯಮಗಳು 2017ರವು. 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಉಪಕರಣಗಳೂ ಔಷಧ ಕಾನೂನಿನ ಹಿಡಿತಕ್ಕೆ ಬಂದವು. ಆದರೆ ಈ ನಿಯಮಗಳ ಬಲ ಹೆಚ್ಚಾಗಿ ಯಂತ್ರ ತಯಾರಾಗುವ, ಮಾರಾಟವಾಗುವ ಹಂತದಲ್ಲಿ. ಮಸ್ಕಿಯ ಒಂದು ಕೋಣೆಯಲ್ಲಿ ಐದು ವರ್ಷದಿಂದ ಗಚ್ಚು ಹಿಡಿಯುತ್ತಿರುವ ಟ್ಯಾಂಕಿನ ಬಳಿಗೆ ಅವು ತಾವಾಗಿ ನಡೆದುಬರುವುದಿಲ್ಲ. ನೋಂದಣಿಯ ತಪಾಸಣೆಗೆ ಹೋಗುವವರು ಗೋಡೆಯ ಪ್ರಮಾಣಪತ್ರ, ದರಪಟ್ಟಿಗಳ ಜತೆಗೆ ಉಷ್ಣತೆಯ ಪಟ್ಟಿಯನ್ನೂ ಕೇಳಬೇಕು, ಒಂದು ಕಡ್ಡಿ ಥರ್ಮಾಮೀಟರನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ತಾವೇ ಅದ್ದಿ ನೋಡಬೇಕು. ಹೊಸ ಕಾಯ್ದೆ ಬೇಕಿಲ್ಲ, ತಪಾಸಣೆಯ ನಮೂನೆಯಲ್ಲಿ ಒಂದು ಸಾಲು ಸಾಕು. ಸರ್ಕಾರಿ ಆಸ್ಪತ್ರೆಗಳ ಯಂತ್ರಗಳ ನಿರ್ವಹಣೆಗೆಂದು ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ 2015ರಿಂದ ಕಾರ್ಯಕ್ರಮವೇ ಇದೆ. ಸಿಂಧನೂರು, ಲಿಂಗಸುಗೂರಿನ ತಾಲ್ಲೂಕು ಆಸ್ಪತ್ರೆಗಳು ಈ ಪಟ್ಟಿಯನ್ನು ಮೊದಲು ಗೋಡೆಗೆ ಹಾಕಿದರೆ ಖಾಸಗಿಯವರಿಗೆ ನೆಪ ಉಳಿಯುವುದಿಲ್ಲ.

ಒಬ್ಬರೇ ಚಿಕಿತ್ಸಕರು, ಸಾಲುಗಟ್ಟಿದ ರೋಗಿಗಳು, ಇದಕ್ಕೆಲ್ಲ ಹೊತ್ತೆಲ್ಲಿ ಎಂಬ ಆಕ್ಷೇಪಣೆಯನ್ನು ನಾನು ಹಗುರವಾಗಿ ತಳ್ಳುವುದಿಲ್ಲ. ಸಣ್ಣ ಊರಿನಲ್ಲಿ ಕ್ಲಿನಿಕ್ ನಡೆಸುವ ಯುವಕ–ಯುವತಿಯರ ಮೇಲಿನ ಭಾರ ನಿಜ. ಸಾಲ ಮಾಡಿ ಯಂತ್ರ ಕೊಂಡವರೂ ಅವರೇ. ಆದರೆ ಟ್ಯಾಂಕಿಗೆ ಕಡ್ಡಿ ಅದ್ದಿ ಬರೆಯಲು ಬೇಕಾಗುವುದು ಒಂದು ನಿಮಿಷ. ಹೊಸ ರೋಗಿಯ ಚರ್ಮ ಪರೀಕ್ಷೆಗೆ ಎರಡು ನಿಮಿಷ. ಹೊತ್ತು ನಿಜಕ್ಕೂ ಇಲ್ಲದ ದಿನ ಬಿಟ್ಟುಬಿಡಬೇಕಾದದ್ದು ಕಾವನ್ನು, ಪರೀಕ್ಷೆಯನ್ನಲ್ಲ. ಕಾವಿಲ್ಲದೆ ವ್ಯಾಯಾಮ ಮಾಡಿಸಿ ಕಳಿಸಿದರೆ ರೋಗಿಗೆ ನಷ್ಟವೇನೂ ಆಗುವುದಿಲ್ಲ.

ಇಷ್ಟಾದರೂ ಎಲ್ಲೋ ಒಂದು ದಿನ ಗುಳ್ಳೆ ಏಳಬಹುದು. ಆಗ ಕೂಡಲೇ ಆ ಜಾಗವನ್ನು ಹರಿಯುವ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್, ಸುಣ್ಣ, ಎಣ್ಣೆ, ಅರಿಶಿನ ಹಚ್ಚಬಾರದು, ಗುಳ್ಳೆ ಒಡೆಯಬಾರದು, ಮಂಜುಗಡ್ಡೆ ಇಡಬಾರದು. ಶುಗರ್ ಇರುವವರ ಕಾಲಿನ ಗಾಯವಾದರೆ ಅಂಗೈಯಗಲಕ್ಕಿಂತ ಸಣ್ಣದಿದ್ದರೂ ಅದೇ ದಿನ ವೈದ್ಯರಿಗೆ ತೋರಿಸಬೇಕು. ರೋಗಿಗೂ ಮನೆಯವರಿಗೂ ಆದದ್ದನ್ನು ಮುಚ್ಚಿಡದೆ ಹೇಳಬೇಕು. ಆ ಟ್ಯಾಂಕನ್ನು ಆರಿಸಿ, ಅಳೆದು, ಅಂಕಿಯನ್ನು ಪಟ್ಟಿಯಲ್ಲಿ ಬರೆದು, ಸರಿಯಾಗುವವರೆಗೆ ಬಳಸಬಾರದು. ವೈದ್ಯಕೀಯ ಉಪಕರಣಗಳಿಂದಾದ ತೊಂದರೆಗಳನ್ನು ದಾಖಲಿಸಲು ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ 2015ರ ಜುಲೈಯಿಂದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ನಡೆಸುತ್ತಿದೆ. ಅದಕ್ಕೆ ವರದಿ ಕಳಿಸಲು ದೊಡ್ಡ ಆಸ್ಪತ್ರೆಯೇ ಆಗಬೇಕಿಲ್ಲ, ಸಣ್ಣ ಕ್ಲಿನಿಕ್ಕಿನವರೂ ಕಳಿಸಬಹುದು, ರೋಗಿಯೂ ಕಳಿಸಬಹುದು. ಯಂತ್ರದ ಹೆಸರು, ಮಾದರಿ, ಆ ಹೊತ್ತಿನ ಉಷ್ಣತೆ, ಎಷ್ಟು ಪದರ ಟವೆಲ್, ಎಷ್ಟು ನಿಮಿಷ, ಗಾಯ ಎಲ್ಲಿ, ಎಷ್ಟು ಎಂಬುದನ್ನು ಬರೆಯಬೇಕು. ಉಷ್ಣತೆಯ ಪಟ್ಟಿ ಇಟ್ಟ ಕ್ಲಿನಿಕ್ಕಿನವರು ಮಾತ್ರ ಇದರಲ್ಲಿ ಮೂರನೆಯ ವಿವರವನ್ನು, ಆ ಹೊತ್ತಿನ ಉಷ್ಣತೆಯನ್ನು, ತುಂಬಬಲ್ಲರು.